ಒಂಬತ್ತು ಊರಿನ ಹೆಬ್ಬೆಟ್ಟು

ರವಿವಾರ ಪೇಟೆ, ಬೆಳಗಾವಿ
೨೮ ಮೇ ೧೯೮೩

ಬಂಡೆಪ್ಪ ಮಾಸ್ತರರಿಗೆ ಕಾಂತಾಳ ಶರಣು.

ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಕಟ್ಟು ಕಳಿಸಿದ್ದೇನೆ. ಬಿಚ್ಚಿ ನೋಡಿ, ಬೈಯಬೇಡಿ. ಪ್ರತಿ ವರ್ಷದ ಹಾಗೆ ಖಾಲಿ ಹಾಳೆಗಳು, ಈ ಸಲ ಹನ್ನೆರಡು. ಮಳೆ ಹಿಡಿಯುವ ಮೊದಲು ನಮ್ಮ ಒಕ್ಕೂಟದ ಒಂಬತ್ತೂ ಊರಿನ ಸಂಘಗಳ ಮುಖ್ಯಸ್ಥರ ಎಡಗೈ ಹೆಬ್ಬೆಟ್ಟು ಪ್ರತಿ ಹಾಳೆಯ ಕೆಳಗೆ ಬೀಳಬೇಕು. ಜೂನಿನಿಂದ ನಾಲ್ಕು ತಿಂಗಳು ನಿಮ್ಮ ಹಳ್ಳಗಳು ಯಾರನ್ನೂ ದಾಟಲು ಬಿಡುವುದಿಲ್ಲ. ಸರಕಾರಿ ಕಚೇರಿಗಳಿಗೆ ಅದು ತಿಳಿಯುತ್ತದೆಯೇ? ಮಳೆಯಿರಲಿ ಬಿಸಿಲಿರಲಿ, ಒಕ್ಕೂಟದ ಠರಾವು ತನ್ನಿ ಎನ್ನುತ್ತವೆ. ಹೆಬ್ಬೆಟ್ಟು ಮೊದಲು, ಬರಹ ಆಮೇಲೆ ಎಂಬ ಈ ಪದ್ಧತಿ ಕಂಡುಹಿಡಿದವರಿಗೆ ಒಂದು ಶಾಲು ಹೊದಿಸಬೇಕು. ಅದು ನೀವೇ ಅಲ್ಲವೇ?

ಮೊನ್ನೆ ಅಪ್ಪ ಕಾಳಿನ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದು ಒಕ್ಕೂಟದ ನಮ್ಮ ಕೋಣೆ ನೋಡಿದರು. "ಬೋರ್ಡ ದೊಡ್ಡದೈತಿ, ಕೋಣಿ ಸಣ್ಣದೈತಿ. ಒಂಬತ್ತು ಸಂಘಕ್ಕ ನಾವು ಛತ್ರಿ ಅಂತೀರಿ, ಆ ಛತ್ರಿ ಹಿಡಿದ ಕೈ ಯಾರದವ್ವಾ?" ಎಂದರು. ಸದ್ಯಕ್ಕೆ ಹಣ ಕೊಡುವ ಹೊರದೇಶದ ಸಂಸ್ಥೆಯದು, ಮುಂದೆ ನಮ್ಮದೇ ಆಗಬೇಕು ಎಂದೆ. ಅವರು ನಕ್ಕು ಕೆಳಗಿಳಿದರು.

ಒಂಬತ್ತೂ ಜನರನ್ನು ಒಂದು ಸಲ ಇಲ್ಲಿಗೆ ಕರೆಸಿ ಊಟ ಹಾಕಿಸಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ವರದಿ ಬರೆಯುವುದರಲ್ಲೇ ದಿನ ಹೋಗುತ್ತದೆ. ಬರುವ ದೀಪಾವಳಿಗೆ ಖಂಡಿತ.

ನಿಮ್ಮ
ಕಾಂತಾ

*

ಹಲಸಿ
೧೧ ಜೂನ್ ೧೯೮೩

ಕಾಂತಾಬಾಯಿಯವರಿಗೆ ಬಂಡೆಪ್ಪನ ನಮಸ್ಕಾರ.

ಶಾಲು ಬೇಡ, ಒಳ್ಳೆಯದೊಂದು ಛತ್ರಿ ಕಳಿಸಿದ್ದರೆ ಸಾಕಿತ್ತು. ಜೂನ್ ಎರಡಕ್ಕೇ ಹಳ್ಳ ಏರಿದೆ. ಆಚೆಯವರು ಆಚೆ, ಈಚೆಯವರು ಈಚೆ.

ಹಾಳೆಗಳು ಇದರ ಜೊತೆಗಿವೆ, ಎಣಿಸಿಕೊಳ್ಳಿ. ಶಾಯಿ ಡಬ್ಬಿಯ ತಳ ಕಂಡಿದೆ, ಇನ್ನೊಂದು ಬೇಕು. ಊರೂರು ತಿರುಗಿ ಬಂದದ್ದಾಯಿತು. ರಾಯಪ್ಪ ಗದ್ದೆಯ ಒಡ್ಡಿನ ಮೇಲೆ ಕೂತೇ ಒತ್ತಿದ. ಚಂದ್ರವ್ವ ಎಮ್ಮೆ ಹಿಂಡುತ್ತಿದ್ದಳು, ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು. "ಏನ ಬರಿತೀರಿ ಇದರಾಗ?" ಎಂದು ಕೇಳಿದಳು. ನಿಮಗೆ ಒಳ್ಳೆಯದಾಗುವುದನ್ನೇ ಬರೆಯುತ್ತಾರೆ ಎಂದೆ. ಎಲ್ಲರೂ ಕ್ಷೇಮ. ಒಕ್ಕೂಟದ ಮೇಲೆ ಎಲ್ಲರಿಗೂ ವಿಶ್ವಾಸವಿದೆ.

ಎರಡು ವರ್ಷದ ಹಿಂದೆ ಉಳುಕಿದ ಕಾಲು ಈಗ ಪೂರ್ತಿ ಸರಿ. ನೀವು ಪ್ರತಿ ಸಲ ಕೇಳುತ್ತೀರೆಂದು ಮೊದಲೇ ಹೇಳಿದೆ.

ಬಂಡೆಪ್ಪ

*

ಬೆಳಗಾವಿ
೧೪ ಆಗಸ್ಟ್ ೧೯೮೩

ಮಾಸ್ತರರಿಗೆ ಶರಣು.

ನಿಮ್ಮ ಪತ್ರ ಓದಿದರೆ ನಾನೇ ಒಂಬತ್ತು ಊರು ತಿರುಗಿ ಬಂದಂತಾಗುತ್ತದೆ. ಚಂದ್ರವ್ವ ಕೈ ಒರೆಸಿಕೊಂಡದ್ದನ್ನು ಈ ವರ್ಷದ ವರದಿಯಲ್ಲೂ ಸೇರಿಸಿದ್ದೇನೆ. ಹೊರದೇಶದವರಿಗೆ ಇಂಥದ್ದು ಬಹಳ ಹಿಡಿಸುತ್ತದೆ.

ಈ ತನಕ ಮೂರು ಹಾಳೆ ಬಳಕೆಯಾಗಿವೆ. ಎರಡು ಕಚೇರಿ ಕೆಲಸದವು, ಹೇಳುವಂಥದ್ದೇನಿಲ್ಲ. ಮೂರನೆಯದರ ಸುದ್ದಿ ಮಳೆ ನಿಂತ ಮೇಲೆ ಹೇಳುತ್ತೇನೆ. ಸಿಹಿ ಸುದ್ದಿ, ಬಾಯಿಗೂ ಸಿಹಿ.

ಒಂದು ಮಾತು ತಿಳಿಸಿ. ನಮ್ಮ ಒಂಬತ್ತು ಊರುಗಳಲ್ಲಿ ದಿನಕ್ಕೆ ಒಟ್ಟು ಎಷ್ಟು ಖವಾ ಕಾಯಿಸುತ್ತಾರೆ? ಸುಮ್ಮನೆ ಕೇಳಿದೆ.

ಕಾಂತಾ

*

ಹಲಸಿ
೨೦ ಸೆಪ್ಟೆಂಬರ್ ೧೯೮೩

ಕಾಂತಾಬಾಯಿಯವರಿಗೆ,

ಸುಮ್ಮನೆ ಕೇಳುವವರಲ್ಲ ನೀವು. ಆದರೂ ಹೇಳುತ್ತೇನೆ. ಇಲ್ಲಿಯ ಸಂತೆಗೆ ಬರುವವರ ಮಾತಿನ ಪ್ರಕಾರ ಎಲ್ಲ ಊರು ಸೇರಿ ಒಂದು ಮಣಕ್ಕೆ ಮೋಸವಿಲ್ಲ. ಅರ್ಧಕ್ಕರ್ಧ ಚಂದ್ರವ್ವನ ಊರಿನದೇ. ಆ ಹೆಂಗಸರು ಹಾಲು ಕಾಯಿಸಿ, ಬೆಳಗಿನ ಗಾಡಿಗೆ ಲೋಂಡಾ ಸ್ಟೇಷನ್ನಿಗೆ ಮುಟ್ಟಿಸಿ, ಗೋವಾಕ್ಕೆ ಕಳಿಸುತ್ತಾರೆ. ನಾವು ಯಾರೂ ಹೇಳಿಕೊಟ್ಟದ್ದಲ್ಲ. ಮಳೆಯಲ್ಲಿ ಹಳ್ಳದ ಆಚೆ ದಂಡೆಯಿಂದ ಹಗ್ಗಕ್ಕೆ ಡಬ್ಬಿ ಕಟ್ಟಿ ಈಚೆಗೆ ಎಳೆದುಕೊಳ್ಳುತ್ತಾರಂತೆ. ಆ ವ್ಯವಹಾರವನ್ನು ನಾವು ಮುಟ್ಟುವುದು ಬೇಡ. ಅವರದು ಅವರಿಗಿರಲಿ.

ಸಿಹಿ ಸುದ್ದಿ ಏನೆಂದು ತಿಳಿಸಿ. ನನಗೆ ಕುತೂಹಲಕ್ಕಿಂತ ಹೆದರಿಕೆಯೇ ಹೆಚ್ಚಾಗುತ್ತಿದೆ.

ಬಂಡೆಪ್ಪ

*

ಬೆಳಗಾವಿ
೧೯ ನವೆಂಬರ್ ೧೯೮೩

ಬಂಡೆಪ್ಪ ಮಾಸ್ತರರೆ,

ಇಂದು ಮಧ್ಯಾಹ್ನ ಚಂದ್ರವ್ವ ಬಂದಿದ್ದಳು.

ನನಗೆ ಆಕೆಯ ಗುರುತೇ ಸಿಗಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು, ಕಂಕುಳಲ್ಲಿ ಖಾಲಿ ಡಬ್ಬಿ.

"ಕಾಂತಾಬಾಯಿ ಅಂದ್ರ ನೀವೇನ್ರಿ?"

"ಹೌದ್ರಿ. ಬರ್ರಿ, ಕುಂದರ್ರಿ."

"ಕುಂದ್ರಾಕ ಬಂದಿಲ್ಲರಿ. ನನ್ನ ಹೆಬ್ಬೆಟ್ಟ ನೋಡಾಕ ಬಂದೇನಿ. ನಿಮ್ಮ ಹತ್ರ ಐತಂತಲ್ಲ."

ನಡೆದದ್ದಿಷ್ಟು. ನಮ್ಮ ಪೇಟೆಯಲ್ಲಿ ಖವಾ ಹಾಕಿ ಕುಂದಾ ಮಿಠಾಯಿ ಮಾಡುವ ಗುರುಪಾದಪ್ಪನವರು ಸೋಮವಾರ ತಮ್ಮ ಆಳನ್ನು ಟೆಂಪೋ ಕೊಟ್ಟು ಅವಳೂರಿಗೆ ಕಳಿಸಿದ್ದರು. ಇನ್ನು ಮುಂದೆ ಖವಾ ಲೋಂಡಾಕ್ಕೆ ಹೋಗಕೂಡದು, ನಮಗೇ ಬರಬೇಕು ಎಂದು ಆತ ಠರಾವಿನ ನಕಲು ತೋರಿಸಿದನಂತೆ. ನಾವು ಯಾವಾಗ ಒಪ್ಪಿದೆವು ಎಂದು ಹೆಂಗಸರು ಕೇಳಿದರೆ, "ನಿಮ್ಮ ಚಂದ್ರವ್ವನೇ ಹೆಬ್ಬೆಟ್ಟ ಒತ್ಯಾಳ" ಎಂದನಂತೆ. ಊರವರೆಲ್ಲ ಆಕೆಯ ಮುಖ ನೋಡಿದರಂತೆ. ಮರುದಿನ ಯಾರೂ ಖವಾಕ್ಕೆಂದು ಅವಳ ಮನೆಗೆ ಹಾಲು ತಂದು ಹಾಕಲಿಲ್ಲವಂತೆ.

ನಾನು ಅಸಲು ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಆಕೆಯ ಹೆಸರಿನ ಮುಂದಿರುವ ಗುರುತಿನ ಮೇಲೆ ಬೆರಳಿಟ್ಟೆ. ನಿಜ ಹೇಳಬೇಕೆಂದರೆ, ಒತ್ತಿ ಮರೆತಿದ್ದಾಳೆ, ಈಗ ಊರಿಗೆ ಹೆದರಿ ಇಲ್ಲವೆನ್ನುತ್ತಿದ್ದಾಳೆ ಎಂದೇ ಅಂದುಕೊಂಡಿದ್ದೆ. "ಜೂನದಾಗ ನೀವೇ ಎಡಗೈ ಹೆಬ್ಬೆಟ್ಟ ಒತ್ತೀರಿ. ಮಾಸ್ತರು ಬರದಾರ" ಎಂದೆ.

ಆಕೆ ಸೆರಗಿನೊಳಗಿಂದ ಎಡಗೈ ತೆಗೆದು ಆ ಹಾಳೆಯ ಪಕ್ಕದಲ್ಲಿಟ್ಟಳು.

ಹೆಬ್ಬೆರಳೇ ಇಲ್ಲ ಮಾಸ್ತರರೆ. ಬುಡದ ತನಕ ಇಲ್ಲ. ಹೋದ ವರ್ಷ ಶ್ರಾವಣದಲ್ಲಿ ಮೇವು ಕತ್ತರಿಸುವಾಗ ಹೋಯಿತಂತೆ. ಖಾನಾಪುರದ ಡಾಕ್ಟರರು ಹೊಲಿಗೆ ಹಾಕಿದ ಗುರುತು ಕಾಣುತ್ತಿತ್ತು. ಹಾಗಾದರೆ ಆರು ತಿಂಗಳ ಹಿಂದೆ ಎಮ್ಮೆ ಹಿಂಡುತ್ತಿದ್ದವಳು ಸೆರಗಿಗೆ ಒರೆಸಿಕೊಂಡು ಒತ್ತಿದ್ದು ಯಾವ ಹೆಬ್ಬೆರಳು?

ನಾನು ಕೂತೆ. ನೀರು ಕೊಟ್ಟವಳು ಆಕೆಯೇ. ಹೋಗುವಾಗ ಒಂದೇ ಮಾತು ಹೇಳಿದಳು, "ಅದನ್ನ ಒತ್ತಿದವರ್ಯಾರಂತ ಹೇಳ್ರಿ ಬಾಯಾರ. ನಾ ಊರಾಗ ಬಾಳ್ವೆ ಮಾಡ್ಬೇಕು."

ಹೇಳಿ. ಯಾರು?

ಕಾಂತಾ

*

ಹಲಸಿ
೨೪ ನವೆಂಬರ್ ೧೯೮೩

ಕಾಂತಾಬಾಯಿ,

ಚಂದ್ರವ್ವನ ಹೆಬ್ಬೆರಳು ಹೋದದ್ದು ನನಗೆ ನಿಮ್ಮ ಪತ್ರದಿಂದಲೇ ತಿಳಿಯಿತು. ಆ ಸಾಲನ್ನು ನಾಲ್ಕು ಸಲ ಓದಿದೆ. ಅವಳೂರಿಗೂ ನನ್ನ ಮನೆಗೂ ಏಳು ಮೈಲು. ಹದಿನೈದು ತಿಂಗಳು ಕಳೆದರೂ ನನಗೆ ಗೊತ್ತಿಲ್ಲ. ಸಂತೆಗೆ ಬಂದವರು ಖವಾದ ಲೆಕ್ಕ ಹೇಳಿದರು, ಇದನ್ನು ಹೇಳಲಿಲ್ಲ. ನನಗೆ ಗೊತ್ತೇ ಇರುತ್ತದೆ ಎಂದುಕೊಂಡಿರಬೇಕು.

ಒತ್ತಿದವನು ನಾನು.

ಎಂಬತ್ತೊಂದರ ಮಳೆಗಾಲದಲ್ಲಿ ಹಳ್ಳದಲ್ಲಿ ಜಾರಿ ಬಿದ್ದಾಗ ಕಾಲು ಉಳುಕಿದ್ದಲ್ಲ, ಮುರಿದಿತ್ತು. ನಾಟಿ ವೈದ್ಯರು ಕಟ್ಟಿದರು, ಸೊಟ್ಟಗೆ ಕೂಡಿತು. ಮನೆಯಿಂದ ಸಂತೆಯ ಕಟ್ಟೆಯ ತನಕ ನಡೆಯುತ್ತೇನೆ, ಅಷ್ಟೇ. ನಿಮಗೆ ತಿಳಿದರೆ ಬೇರೆ ಯಾರನ್ನಾದರೂ ನೇಮಿಸುತ್ತೀರಿ ಎಂದು ಹೆದರಿದೆ. ಸಾಲಿ ಮಾಸ್ತರಿಕೆ ಬಿಟ್ಟು ಬಂದವನಿಗೆ ಈ ಒಂಬತ್ತು ಊರು ಬಿಟ್ಟರೆ ಬೇರೆ ಏನಿತ್ತು?

ಎಂಬತ್ತೆರಡರಲ್ಲಿ ನಿಮ್ಮ ಹಾಳೆ ಬಂದಾಗ ಮೂರು ದಿನ ನೋಡುತ್ತ ಕೂತಿದ್ದೆ. ಆಮೇಲೆ ಬಾಗಿಲು ಹಾಕಿಕೊಂಡು ಶಾಯಿ ಡಬ್ಬಿ ತೆರೆದೆ. ಎಡಗೈಯ ಐದು, ಬಲಗೈಯ ನಾಲ್ಕು. ರಾಯಪ್ಪನಿಗೆ ಎಡ ಹೆಬ್ಬೆರಳು, ಚಂದ್ರವ್ವನಿಗೆ ಕಿರುಬೆರಳು. ಒಬ್ಬರದು ಇನ್ನೊಬ್ಬರದಕ್ಕೆ ಹೋಲಬಾರದೆಂದು ಊರಿಗೊಂದು ಬೆರಳು ಹಂಚಿದೆ. ಈ ವರ್ಷವೂ ಹಾಗೆಯೇ. ಅಳಬೇಕೆನಿಸಿತು, ಸ್ವಲ್ಪ ನಗುವೂ ಬಂತು. ಮಾಡಿದ್ದು ಪಾಪ ಎಂದು ಖರೇ ಅನಿಸಿದ್ದು ಇವತ್ತು.

ಈಗ ನನ್ನದೊಂದು ಪ್ರಶ್ನೆ. ಖಾಲಿ ಹಾಳೆ ಕಚೇರಿಯ ಸಣ್ಣಪುಟ್ಟ ಕೆಲಸಕ್ಕೆ ಎಂದು ನಂಬಿ ನಾನು ಈ ಕಳ್ಳತನ ಮಾಡಿದೆ. ನೀವು ಅದರ ಮೇಲೆ ಜನರ ಹೊಟ್ಟೆಯ ಅನ್ನ ಬರೆದಿರಿ. ಲೋಂಡಾದ ವ್ಯವಹಾರ ಮುಟ್ಟಬೇಡಿ ಎಂದು ನಾನು ಬರೆದಿದ್ದೆ. ಎರಡು ತಿಂಗಳು ನೀವು ಸುಮ್ಮನಿದ್ದಿರಿ. ನನ್ನ ಹೆಬ್ಬೆಟ್ಟು ಖೊಟ್ಟಿ. ನಿಮ್ಮ ಬರಹ?

ಬಂಡೆಪ್ಪ

*

ಬೆಳಗಾವಿ
೨ ಡಿಸೆಂಬರ್ ೧೯೮೩

ಮಾಸ್ತರರೆ,

ಎಂಟು ದಿನ ನಿಮ್ಮನ್ನು ಬೈಯುತ್ತಲೇ ಇದ್ದೆ. ಇವತ್ತು ಬೈಗುಳ ಮುಗಿದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳಲ್ಲೇ ಹೊರದೇಶದ ಸಂಸ್ಥೆಯಿಂದ ಪತ್ರ ಬಂದಿತ್ತು. ಮುಂದಿನ ಮಾರ್ಚಿಗೆ ನೆರವು ನಿಲ್ಲುತ್ತದೆ, ಒಕ್ಕೂಟ ಸ್ವಂತ ಆದಾಯದಿಂದ ನಡೆಯುವ ದಾರಿಯನ್ನು ಒಂಬತ್ತೂ ಸಂಘಗಳ ಒಪ್ಪಿಗೆಯೊಂದಿಗೆ ತಿಳಿಸಿ ಎಂದು. ನಿಮಗೆ ಹೇಳಲಿಲ್ಲ. ಹೇಳಿದರೆ ಸಂಘಗಳು ಒಂದೊಂದಾಗಿ ಚದುರುತ್ತವೆ ಎಂದುಕೊಂಡೆ. ಖವಾದ ವಿಚಾರ ಹೊಳೆದಾಗ ಕುಣಿದಾಡುವಷ್ಟು ಖುಷಿಯಾಗಿತ್ತು. ಊರಿಗೂ ಲಾಭ, ಒಕ್ಕೂಟಕ್ಕೂ ಆಸರೆ. ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಮಳೆಯಲ್ಲಿ ಕೇಳಲು ಸಾಧ್ಯವಿಲ್ಲ, ಹಾಳೆ ಹೇಗೂ ಇದೆ. ಹಾಗೆ ಬರೆದೆ: "ಒಂಬತ್ತೂ ಸಂಘಗಳು ತಮ್ಮ ಖವಾವನ್ನು ಒಕ್ಕೂಟದ ಮೂಲಕವೇ ಮಾರತಕ್ಕದ್ದು ಎಂದು ಸರ್ವಾನುಮತದಿಂದ ಠರಾಯಿಸಲಾಗಿದೆ." ಸರ್ವಾನುಮತ! ಒಬ್ಬ ಮನುಷ್ಯನ ಬೆರಳುಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ನಿಮ್ಮ ಸೆಪ್ಟೆಂಬರಿನ ಪತ್ರ ಬರುವ ಹೊತ್ತಿಗೆ ಗುರುಪಾದಪ್ಪನವರ ಜೊತೆ ಕರಾರು ಆಗಿಹೋಗಿತ್ತು.

ಹಳೆಯ ಪತ್ರಗಳನ್ನು ತೆಗೆದು ಓದಿದೆ. ಹಾಳೆ ನಿಮ್ಮ ಕೈ ಸೇರಿದ್ದು ಮೇ ಇಪ್ಪತ್ತೊಂಬತ್ತಕ್ಕೆ. ಜೂನ್ ಎರಡಕ್ಕೆ ಹಳ್ಳ ಏರಿತು ಎಂದು ನೀವೇ ಬರೆದಿದ್ದಿರಿ. ನಾಲ್ಕು ದಿನದಲ್ಲಿ ಒಂಬತ್ತು ಊರು ಹೇಗೆ ತಿರುಗಿದಿರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ನನಗೆ ಹಾಳೆ ಬೇಕಿತ್ತು. ನಾನು ಒಂದೇ ಒಂದು ಸಲ ಚಂದ್ರವ್ವನ ಊರಿಗೆ ಬಂದಿದ್ದರೂ ಆ ಕೈ ಕಾಣುತ್ತಿತ್ತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕರಾರು ರದ್ದಾಗಿದೆ. ಗುರುಪಾದಪ್ಪನವರು ಬೈದರು, ಆದರೆ ಹಾಳೆ ಹರಿದುಕೊಟ್ಟರು. ಈಗ ಒಂಬತ್ತೂ ಜನರನ್ನು ಕೂಡಿಸಿ ಎಲ್ಲ ಹೇಳಬೇಕು. ನೀವು ನನ್ನ ಪಕ್ಕದಲ್ಲಿ ಕೂತಿರಬೇಕು. ಯಾವಾಗ ಬರಲಿ?

ಕಾಂತಾ

*

ಲೋಂಡಾ
೯ ಜನವರಿ ೧೯೮೪

ಕಾಂತಾಬಾಯಿಯವರಿಗೆ,

ನಿಮ್ಮ ಪತ್ರ ಹಲಸಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು. ನಾನು ತಂಗಿ ಸಾವಂತ್ರವ್ವನ ಮನೆಗೆ ಬಂದುಬಿಟ್ಟಿದ್ದೇನೆ. ಚಂದ್ರವ್ವನ ಊರಿಗೆ ಚೀಟಿ ಕಳಿಸಿ, ಒತ್ತಿದವನು ನಾನೇ, ಅವಳದೇನೂ ತಪ್ಪಿಲ್ಲ ಎಂದು ತಿಳಿಸಿದ್ದೇನೆ. ಮತ್ತೆ ಅವಳ ಮನೆಗೆ ಹಾಲು ಬರುತ್ತಿದೆಯಂತೆ.

ಸಭೆಗೆ ನಾನು ಬರಲಾರೆ. ಕಾಲಿನ ನೆವ ಹೇಳುವುದಿಲ್ಲ, ಮುಖವಿಲ್ಲ. ಇಲ್ಲಿ ಬೆಳಗಿನ ಗಾಡಿಯ ಹೊತ್ತಿಗೆ ಆ ಹೆಂಗಸರು ಡಬ್ಬಿ ಹೊತ್ತು ಬರುತ್ತಾರೆ. ನಾನು ಆ ಹೊತ್ತಿನಲ್ಲಿ ಹೊರಗೆ ಹೋಗುವುದಿಲ್ಲ.

ಬಂಡೆಪ್ಪ

*

ಬೆಳಗಾವಿ
೨೦ ಫೆಬ್ರವರಿ ೧೯೮೪

ಬಂಡೆಪ್ಪ ಮಾಸ್ತರರಿಗೆ ಶರಣು.

ನೀವು ಬರದಿದ್ದರೂ ನಿಮ್ಮ ಪಾಲಿನದು ನಿಮಗೆ ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಹಲಸಿಯ ಗುಡಿಯ ಪೌಳಿಯಲ್ಲಿ ಕೂಡಿದೆವು. ಏಳು ಊರಿನವರು ಬಂದರು. ಉಳಿದೆರಡು ಊರುಗಳಲ್ಲಿ ಸಂಘವೇ ಇಲ್ಲವಂತೆ, ನಿಂತು ಎರಡು ವರ್ಷವಾಯಿತಂತೆ. ನಮ್ಮ ವರದಿಯಲ್ಲಿ ಅವು ಹೋದ ವರ್ಷ ತಲಾ ಹತ್ತು ಸಭೆ ನಡೆಸಿವೆ. ಅದನ್ನು ಕೇಳಿ ನಾನು ಅಲ್ಲಾಡಲಿಲ್ಲ. ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಎಂದುಕೊಂಡೆ. ಅದು ತಪ್ಪಾಯಿತು.

ಆ ಏಳು ಜನ ಒಬ್ಬರನ್ನೊಬ್ಬರು ಹೆಸರು ಕೇಳಿ ಪರಿಚಯ ಮಾಡಿಕೊಂಡರು. ಐದು ವರ್ಷದ ಒಕ್ಕೂಟ ಮಾಸ್ತರರೆ. ಅವರ ಮೊದಲ ಭೇಟಿ ಅದು.

ಎಲ್ಲ ಹೇಳಿದೆ. ನಿಮ್ಮದನ್ನೂ ಹೇಳಿದೆ, ನನ್ನದನ್ನೂ ಹೇಳಿದೆ. ರಾಯಪ್ಪ ಠರಾವಿನ ಪುಸ್ತಕ ಪೂರ್ತಿ ಓದಿ ಎಂದ. ಓದಿದೆ, ಒಂದು ತಾಸು ಹಿಡಿಯಿತು. ಮುಗಿದ ಮೇಲೆ ಚಂದ್ರವ್ವ ಪಕ್ಕದವಳ ಕಡೆ ತಿರುಗಿ, "ಇಷ್ಟೆಲ್ಲಾ ನಾವ ಮಾಡೇವೇನ? ನನಗ ಗೊತ್ತ ಇರಲಿಲ್ಲ ನೋಡು" ಎಂದಳು. ಎಲ್ಲರೂ ನಕ್ಕರು. ಬೈದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ, ಆ ನಗು ತಾಳಲಾಗಲಿಲ್ಲ.

ಮಾರ್ಚಿಗೆ ನೆರವು ನಿಲ್ಲುತ್ತದೆ, ಒಕ್ಕೂಟ ಮುಚ್ಚಬೇಕಾಗುತ್ತದೆ ಎಂದೆ. ರಾಯಪ್ಪ ಕೇಳಿದ, "ಯಾಕ ಮುಚ್ಚಬೇಕ್ರಿ? ಖರ್ಚ ಏನೈತಿ ಅದಕ್ಕ?" ನಾನು ಹೇಳತೊಡಗಿದೆ. ಕೋಣೆ, ಬೋರ್ಡು, ವರದಿ, ಟೈಪಿಂಗು, ನನ್ನ ಸಂಬಳ. ಒಂದೊಂದು ಹೇಳಿದಾಗಲೂ ಅವನು, "ಅದು ಯಾರಿಗ ಬೇಕಾಗಿತ್ರಿ?" ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ಖರೇನೇ ತಿಳಿಯದೆ ಕೇಳುತ್ತಿದ್ದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವರು ತಮ್ಮತಮ್ಮಲ್ಲೇ ಮಾತಾಡಿ ಮುಗಿಸಿದ್ದರು. ತಿಂಗಳಿಗೊಂದು ಊರಿನಲ್ಲಿ ಕೂಡುವುದು. ಬಂದವರು ತಮ್ಮ ರೊಟ್ಟಿ ತಾವೇ ಕಟ್ಟಿಕೊಂಡು ಬರುವುದು. ಪುಸ್ತಕ ಆ ತಿಂಗಳು ಆ ಊರಿನಲ್ಲೇ ಇರುವುದು, ಅಲ್ಲಿಯ ಓದುಬರಹ ಬಲ್ಲವರು ಬರೆಯುವುದು. ಮಳೆಗಾಲದಲ್ಲಿ ಯಾವ ಠರಾವೂ ಇಲ್ಲ, ಯಾವ ಕಚೇರಿ ಕೇಳಿದರೂ ಇಲ್ಲ. ಲೋಂಡಾಕ್ಕೆ ಹೋಗುವ ಖವಾದ ಡಬ್ಬಿಗಳ ಜೊತೆ ಹತ್ತಿರದ ಎರಡು ಊರಿನ ಡಬ್ಬಿಯನ್ನೂ ಒಯ್ಯಲು ಚಂದ್ರವ್ವ ಒಪ್ಪಿದಳು.

ಅರ್ಧ ತಾಸು ಹಿಡಿದಿರಬಹುದು. ಒಕ್ಕೂಟ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಐದು ವರ್ಷ ಭಾಷಣ ಮಾಡಿದ್ದೆ. ನನ್ನ ಕಣ್ಣೆದುರೇ ನಿಂತಿತು, ಅದರಲ್ಲಿ ನಾನು ಇರಲಿಲ್ಲ. "ಹಂಗಾದ್ರ ನಾನು?" ಎಂದುಬಿಟ್ಟೆ, ಸಣ್ಣ ಹುಡುಗಿಯ ಹಾಗೆ. ಚಂದ್ರವ್ವ ಹೇಳಿದಳು, "ನೀವು ಬರ್ರಿ, ಕುಂದರ್ರಿ, ರೊಟ್ಟಿ ತಿನ್ರಿ. ಬರ್ಯಾಕ ಬ್ಯಾಡ."

ಇನ್ನೂ ಮುಗಿದಿಲ್ಲ. ಏಳುವ ಹೊತ್ತಿಗೆ ಆಕೆ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು ನನ್ನ ಮುಂದಿಟ್ಟಳು. ಶಾಯಿ ಡಬ್ಬಿಯನ್ನೂ ಇಟ್ಟಳು.

"ನಮ್ಮವು ನಿಮ್ಮ ಹತ್ರ ಐದ ವರ್ಷ ಇದ್ದೂವಲ್ಲರಿ. ನಿಮ್ಮದು ಒಂದ ನಮ್ಮ ಹತ್ರ ಇರ್ಲಿ."

ಸಹಿ ಮಾಡುತ್ತೇನೆ ಎಂದೆ. ಬೇಡ, ಹೆಬ್ಬೆಟ್ಟು ಎಂದಳು. ಏಳೂ ಜನ ನೋಡುತ್ತಿದ್ದರು. ಎಂ.ಎ. ಓದಿದವಳು ಮಾಸ್ತರರೆ, ಹುಟ್ಟಿದ ಮೇಲೆ ಮೊದಲ ಸಲ ಹೆಬ್ಬೆಟ್ಟು ಒತ್ತಿದೆ. ಅದರ ಮೇಲೆ ಏನು ಬರೆಯುತ್ತಾರೆಂದು ನನಗೆ ಗೊತ್ತಿಲ್ಲ. ಮನೆಗೆ ಬಂದು ಸಾಬೂನಿನಿಂದ ಮೂರು ಸಲ ತೊಳೆದರೂ ಉಗುರಿನ ಸಂದಿಯಲ್ಲಿ ಶಾಯಿ ಉಳಿದಿದೆ.

ನನ್ನ ಗುರುತಿನ ಕೆಳಗೆ ಜಾಗ ಬಿಟ್ಟಿದ್ದಾರೆ. ಅದು ನಿಮಗಂತೆ.

ಕಾಂತಾ

*

ಹಲಸಿ
೮ ಜೂನ್ ೧೯೮೪

ಕಾಂತಾಬಾಯಿಯವರಿಗೆ ಬಂಡೆಪ್ಪನ ನಮಸ್ಕಾರ.

ಊರು ನೋಡಿ ಆಶ್ಚರ್ಯಪಡಬೇಡಿ, ಮರಳಿ ಬಂದಿದ್ದೇನೆ. ಬಂದೆ ಎನ್ನುವುದಕ್ಕಿಂತ ತಂದರು ಎನ್ನಬೇಕು. ಮೊನ್ನೆ ಲೋಂಡಾದಲ್ಲಿ ಬೆಳಗಿನ ಗಾಡಿ ಹೋದ ಮೇಲೆ ಸಾವಂತ್ರವ್ವನ ಬಾಗಿಲಿಗೆ ಚಕ್ಕಡಿ ಬಂದು ನಿಂತಿತು. ರಾಯಪ್ಪ ಹೊಡೆಯುತ್ತಿದ್ದ, ಚಂದ್ರವ್ವ ಖಾಲಿ ಡಬ್ಬಿಗಳ ನಡುವೆ ಕೂತಿದ್ದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದೆ, ಈ ಕಾಲಿನಿಂದ ಅಷ್ಟು ಬೇಗ ಏಳಲಾಗಲಿಲ್ಲ.

"ಕಾಲ ಮುರದಿತ್ತಂತ ಹೇಳಿದ್ರ ಆಗ್ತಿತ್ತಲ್ರಿ ಮಾಸ್ತರ? ಚಕ್ಕಡಿ ಕಳಸ್ತಿದ್ವಿ" ಎಂದ ರಾಯಪ್ಪ. ಮೂರು ವರ್ಷ ನಾನು ಮುಚ್ಚಿಟ್ಟದ್ದಕ್ಕೆ ಇಷ್ಟೇ ಉತ್ತರವಿತ್ತು. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಚಂದ್ರವ್ವ ನಗಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ನಾಲ್ಕು ಮಡಿಕೆಯ ಹಾಳೆ ತೆಗೆದು ಹಾಸಿದಳು. ಮೇಲೆ ನಿಮ್ಮ ಹೆಬ್ಬೆಟ್ಟು ಕಂಡಿತು. ಅದರ ಮೇಲೆ ಇನ್ನೂ ಏನೂ ಬರೆದಿಲ್ಲ. ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು.

"ಯಾವ ಬೆರಳ ಕೊಡ್ತೀರಿ ಮಾಸ್ತರ? ನಿಮ್ಮ ಹತ್ರ ಊರಿಗೊಂದ ಅದಾವಂತಲ್ಲ."

ಬಲಗೈ ಹೆಬ್ಬೆರಳು ಕೊಟ್ಟೆ. ಅದೊಂದನ್ನು ನಾನು ಯಾವ ಊರಿಗೂ ಹಂಚಿರಲಿಲ್ಲ.

ಅವಳು ಉಫ್ ಎಂದು ಊದಿ ಒಣಗಿಸಿ, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದರ ಮೇಲೆ ಏನು ಬರೆಯುತ್ತೀಯವ್ವಾ ಎಂದು ಕೇಳಿದೆ. "ನಿಮಗ ಒಳ್ಳೇದ ಆಗೂದನ್ನ" ಎಂದಳು. ಆ ಮಾತು ಎಲ್ಲಿಯದೆಂದು ನಿಮಗೆ ನೆನಪಿದ್ದೀತು. ಅವಳು ಕೇಳಿದಳೆಂದು ಹೋದ ಜೂನಿನ ಪತ್ರದಲ್ಲಿ ನಾನೇ ಸುಳ್ಳು ಕಟ್ಟಿ, ನಾನೇ ಕೊಟ್ಟ ಉತ್ತರ ಅದು. ನೀವು ಸಭೆಯಲ್ಲಿ ನನ್ನ ಪತ್ರವನ್ನೂ ಓದಿದ್ದಿರೇನು?

ನಿನ್ನೆಯಿಂದ ಮಳೆ ಹಿಡಿದಿದೆ. ಹಳ್ಳ ಏರಿದೆ. ಹಾಳೆ ಅವಳ ಹತ್ತಿರ ಆಚೆ ದಂಡೆಯಲ್ಲಿದೆ, ನಾನು ಈಚೆ ಇದ್ದೇನೆ. ಇನ್ನು ನಾಲ್ಕು ತಿಂಗಳು ಹೋಗಿ ಕೇಳುವಂತೆಯೂ ಇಲ್ಲ.

ಬಂಡೆಪ್ಪ